ಮೊರ ಜೋಳಕ್ಕೆ ಮರಳಿ ಬಂದ ಕಾಂತು

ಮೋರಟಗಿಯ ಕಾಂತುವಿಗೆ ಮೂವತ್ತೊಂದು ವರ್ಷ. ಆದರೂ ೨೦೨೪ರ ಜನವರಿಯಲ್ಲಿ ಈ ಬರಹಕ್ಕಾಗಿ ಅವನೊಡನೆ ನಡೆಸಿದ ಮೊದಲ ಮಾತುಕತೆಗೆ ದಿನ ಗೊತ್ತುಮಾಡಿದವಳು ತಾಯಿ ರಾಮವ್ವ. ಅವನ ಮೊಬೈಲಿಗೆ ಬಂದ ಕರೆಯನ್ನು ಅವಳೇ ಎತ್ತಿ, ಬಿಸಿಲೇರುವ ಮೊದಲು ಬರಬೇಕು, ಪಡಸಾಲೆಯಲ್ಲೇ ಕೂರಬೇಕು, ತಾನು ಪಕ್ಕದಲ್ಲಿರುತ್ತೇನೆ ಎಂದು ಕರಾರು ಹಾಕಿದಳು. ಅಂದು ಕೇಳಿದ್ದಕ್ಕೆಲ್ಲ ಉತ್ತರವೂ ಅವಳದೇ. ಕಾಂತು ಕಂಬಳಿಯ ಅಂಚಿನ ಎಳೆ ಬಿಡಿಸುತ್ತ ಕುಳಿತಿದ್ದ.

ಅವನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಹುಟ್ಟಿದ ಐದನೆಯ ದಿನ, ಹಿರಿಯರ ರೂಢಿಯಂತೆ, ಅವನನ್ನು ಮೊರದಲ್ಲಿ ಮಲಗಿಸಿ ನೆರೆಮನೆಯ ಬಾನುಬಿಗೆ ‘ಮಾರಿ’, ಮೊರದ ತುಂಬ ಜೋಳ ಕೊಟ್ಟು ಮರಳಿ ಕೊಂಡಿದ್ದರು. ಪರರ ಕೂಸೆಂದರೆ ಸಾವು ಕಣ್ಣು ಹಾಕದೆಂಬ ನಂಬಿಕೆ. ಬೇರೆ ಮನೆಗಳಲ್ಲಿ ಆ ಶಾಸ್ತ್ರ ಅಂದಿಗೇ ಮುಗಿಯುತ್ತದೆ. ರಾಮವ್ವನಿಗೆ ಮುಗಿಯಲಿಲ್ಲ. ತಂದೆ ಬೀರಣ್ಣ ವರ್ಷದ ಎಂಟು ತಿಂಗಳು ಕುರಿಗಳೊಂದಿಗೆ ಆಲಮಟ್ಟಿಯವರೆಗೂ ಹೊಲ ಹೊಲ ತಿರುಗುವಾಗ ಮಗನನ್ನು ಒಮ್ಮೆಯೂ ಜತೆಗೆ ಕಳಿಸಲಿಲ್ಲ. ಕಾಲುವೆಯಿದೆ, ಹಾವಿದೆ, ಚಳಿಯಿದೆ ಎಂದಳು. ಇಪ್ಪತ್ತರ ಮಗನಿಗೆ ರೊಟ್ಟಿ ಮುರಿದು ಕೊಡುವುದನ್ನು ಕಂಡು ಬಾನುಬಿ ಚುಚ್ಚಿದ್ದಳು:

“ನಾ ಕೊಟ್ಟಿದ್ದು ಗಂಡು ಕೂಸು, ರಾಮಕ್ಕಾ. ನೀ ಗಾಜಿನ ಬಳಿ ಮಾಡಿ ಇಟ್ಟಿ.”

೨೦೨೩ರ ದಸರೆಯ ನಂತರ ಬೀರಣ್ಣನ ಮೊಣಕಾಲು ಹಿಡಿದು ನಡೆಯುವುದು ನಿಂತಿತು. ಹಿಂಡನ್ನು ಹೊರಡಿಸುವವರಿಲ್ಲದಿದ್ದರೆ ಮಾರುವುದೊಂದೇ ದಾರಿ. ಕಾಂತು ತಾನೇ ಹೋಗುವೆನೆಂದ. ತಾಯಿಗೆ ಅವನು ಎದುರಾಡಿದ್ದು ಅದೇ ಮೊದಲು.

ಊರು ದಾಟುವ ಮೊದಲೇ ಕುರಿಗಳು ನಿಂತವು. ಅವನ ಕೂಗಿಗೆ ಒಂದೂ ಕದಲಲಿಲ್ಲ. ಅವನು ತಂದೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮೊಬೈಲನ್ನು ಕೋಲಿನ ತುದಿಗೆ ಕಟ್ಟಿ ಎತ್ತಿ ಹಿಡಿದ. ಬೀರಣ್ಣ ಮನೆಯ ಹೊರಸಿನ ಮೇಲಿಂದ ಕೂಗಿದ, ಹಿಂಡು ನಡೆಯಿತು. ಹಾಗೆ ಎರಡು ದಿನ. ಮೂರನೆಯ ದಿನ ತಾಳಿಕೋಟೆಯ ದಾರಿಯಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಕುರಿಗಳು ಚೆದುರಿ ರೇವಣಪ್ಪನೆಂಬ ರೈತನ ತೊಗರಿಗೆ ನುಗ್ಗಿದವು. ಅವುಗಳನ್ನು ಹೊರಗಟ್ಟಿ ರೇವಣಪ್ಪ ಕೇಳಿದ:

“ತಮ್ಮಾ, ಕುರಿ ಕಾಯಾಂವ ಎಲ್ಲಿ ಹೋದ?”

“ಊರಾಗ ಅದಾನ್ರಿ,” ಎಂದ ಕಾಂತು.

ಫೋನು ಸಿಗದ್ದರಿಂದ ಸಂಜೆ ರಾಮವ್ವ ಬಾಡಿಗೆ ಜೀಪಿನಲ್ಲಿ ಹುಡುಕಿಕೊಂಡು ಬಂದಳು. ಬಯ್ಯಲಿಲ್ಲ, ಹಣೆ ಮುಟ್ಟಿ ನೋಡಿ, ಕಂಬಳಿ ಹೊದಿಸಿ ಕರೆದೊಯ್ದಳು. ಹಿಂಡನ್ನು ಮರಳಿ ತಂದವರು ಕೂಲಿಯವರು.

ಎರಡನೆಯ ಮಾತುಕತೆಯಂದು ತಾಯಿ ನೀರಿಗೆ ಹೋದ ಹೊತ್ತು ನೋಡಿ ಅವನು ಹೇಳಿದ್ದಿಷ್ಟು: “ಗಂಟಲು ಹರಿಯೂ ಹಂಗ ಕೂಗಿನ್ರಿ. ಅವಕ್ಕ ನನ್ನ ದನಿ ಗೊತ್ತ ಇಲ್ಲ.”

೨೦೨೩ರ ನವೆಂಬರ್ ೨೬, ಭಾನುವಾರ: ಬೀರಣ್ಣನ ಅರವತ್ತೆರಡು ಕುರಿಗಳು ಮಾರಾಟವಾಗಿ ಎರಡು ಟೆಂಪೋಗಳಲ್ಲಿ ಮೋರಟಗಿ ಬಿಟ್ಟವು. ಏರಿಸಲು ಕೂಗಿದವನು ಬೀರಣ್ಣ.