ಬೆಂಚಿನ ದನಿ

ಪ್ರತಿ ಅವಧಿಯ ಮೊದಲ ವಾರ ನಮ್ಮ ಶಾಲೆಯಿಂದ ಪಾಲಕರಿಗೆ ಒಂದು ಹಾಳೆ ಹೋಗುತ್ತದೆ. ಈ ಅವಧಿಯಲ್ಲಿ ನಿಮ್ಮ ಮಕ್ಕಳು ಏನೇನು ಕಲಿಯಲಿದ್ದಾರೆ ಎಂಬ ವಿವರ ಅದರಲ್ಲಿರುತ್ತದೆ. ನಾಲ್ಕನೇ ಇಯತ್ತೆಯದನ್ನು ಬರೆಯುವ ಕೆಲಸ ಎಷ್ಟೋ ವರ್ಷಗಳಿಂದ ನನ್ನ ಕುತ್ತಿಗೆಗೇ ಬಿದ್ದಿದೆ. ದಸರೆ ರಜೆ ಮುಗಿಸಿ ಬಂದ ಮೇಲೆ ಈ ಸಲವೂ ಬರೆದೆ. ಗಣಿತದಲ್ಲಿ ಭಿನ್ನರಾಶಿ, ಪರಿಸರ ಅಧ್ಯಯನದಲ್ಲಿ ನೀರಿನ ಚಕ್ರ, ಇಂಗ್ಲಿಷಿನಲ್ಲಿ ಗುಣವಾಚಕ, ಕನ್ನಡದಲ್ಲಿ ಪತ್ರ ಬರೆಯುವುದು, ನೀತಿಪಾಠದಲ್ಲಿ ಕ್ಷಮೆ ಮತ್ತು ಕೃತಜ್ಞತೆ. ಕೊನೆಗೆ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಸಾಲನ್ನು ನಾನೇ ಸೇರಿಸಿದೆ: ಮೆಲ್ಲಗೆ ಮಾತನಾಡುವುದು.

ಸುಳ್ಳು ಯಾಕೆ ಹೇಳಲಿ, ಅದನ್ನು ಸೇರಿಸಿದ್ದು ನನ್ನ ಗಂಟಲಿನ ಸಲುವಾಗಿ. ರಜೆಯಲ್ಲಿ ಜಮಖಂಡಿಯ ಡಾಕ್ಟರೊಬ್ಬರು ನನ್ನ ಬಾಯೊಳಗೆ ದೀಪ ಬಿಟ್ಟು ನೋಡಿ, "ನಿಮ್ಮ ಕೆಲಸ ಏನ್ರಿ?" ಎಂದು ಕೇಳಿದ್ದರು. ಕಾನ್ವೆಂಟಿನಲ್ಲಿ ಟೀಚರ್ ಎಂದೆ. "ಹಂಗಾದ್ರ ಇಷ್ಟ ವರ್ಷ ಒದರೀರಿ. ಇನ್ನ ಒದರಬ್ಯಾಡ್ರಿ. ಗಂಟ್ಲಾಗ ಸಣ್ಣ ಗಂಟ ಆಗ್ಯಾವ. ಹಿಂಗ ನಡದರ ದನಿ ಪೂರಾ ಹೋಗತೈತಿ" ಎಂದರು. ಮಾತಾಡದೆ ಪಾಠ ಮಾಡುವುದು ಹೇಗೆ ಎಂಬುದು ಅವರ ಚೀಟಿಯಲ್ಲಿ ಇರಲಿಲ್ಲ. ದನಿ ಹೋದ ಟೀಚರನ್ನು ಯಾವ ಶಾಲೆಯೂ ಇಟ್ಟುಕೊಳ್ಳುವುದಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅದೊಂದೇ ಯೋಚನೆ.

ನಾನು ದಿನಾ ಜಮಖಂಡಿಯಿಂದ ಬನಹಟ್ಟಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಆ ದಾರಿಯ ಪಾಡು ಹೇಳತೀರದು. ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಅದರ ಹಿಂದೆ ಇನ್ನೊಂದು ಟ್ರ್ಯಾಕ್ಟರ್. ಪ್ರತಿಯೊಂದರಲ್ಲೂ ಕಿವಿ ಕಿತ್ತುಹೋಗುವ ಹಾಗೆ ಹಾಡು. ಶಾಲೆ ಮುಟ್ಟುವಷ್ಟರಲ್ಲಿಯೇ ಅರ್ಧ ಜೀವ ಸೋತಿರುತ್ತದೆ. ಪ್ರಾರ್ಥನೆಗೆ ನಿಂತಾಗ ಬೇರೆಯವರು ದೇವರಲ್ಲಿ ಏನು ಬೇಡುತ್ತಾರೋ ಗೊತ್ತಿಲ್ಲ, ನಾನು ಒಂದು ಕುರ್ಚಿ ಬೇಡುತ್ತೇನೆ.

ನಮ್ಮ ಮಕ್ಕಳು ಗಟ್ಟಿ ದನಿಯವರು. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವರು, ಟೋಪಿ ಹಾಕಿಕೊಂಡು ಬಂದವರು, ಕೊರಳಲ್ಲಿ ಶಿಲುಬೆ ಇರುವ ನಾಲ್ಕಾರು ಮಂದಿ, ಎಲ್ಲರೂ ಒಂದೇ ಶ್ರುತಿಯಲ್ಲಿ "ಗುಡ್ ಮಾರ್ನಿಂಗ್ ಟೀಚರ್" ಎಂದರೆ ಕಿಟಕಿಯ ಗಾಜು ನಡುಗುತ್ತದೆ. ಅವರ ತಪ್ಪೇನಿಲ್ಲ. ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಬೆಳಗಿನಿಂದ ಖಟಾಖಟಾ ಎಂದು ವಿದ್ಯುತ್ ಮಗ್ಗಗಳು ನಡೆಯುತ್ತಿರುತ್ತವೆ. ಎಷ್ಟೋ ಮನೆಗಳಲ್ಲಿ ಮಗ್ಗ ಹೊರಗಿನ ಕೋಣೆಯಲ್ಲಿ, ಮಕ್ಕಳ ತೊಟ್ಟಿಲು ಒಳಗಿನ ಕೋಣೆಯಲ್ಲಿ. ಹಸಿವಾದರೆ ಮಗ್ಗಕ್ಕಿಂತ ಜೋರಾಗಿ ಅಳಬೇಕು, ಇಲ್ಲದಿದ್ದರೆ ಹಾಲು ತಡವಾಗುತ್ತದೆ. ಅಂಥವರು ನಾಲ್ಕನೇ ಇಯತ್ತೆಗೆ ಬಂದು ಪಿಸುಗುಡುತ್ತಾರೆಯೇ?

ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಂಗಳೂರಿನ ಕಡೆಯವರು. ಈ ಗದ್ದಲಕ್ಕೆ ಅವರು ಬಂದ ದಿನದಿಂದಲೂ ಒಗ್ಗಿಕೊಂಡಿಲ್ಲ. ನನ್ನ ಹಾಳೆಯ ಕೊನೆಯ ಸಾಲು ಓದಿ ಅವರಿಗೆ ಬಹಳ ಸಂತೋಷವಾಯಿತು. "ಇದು ಒಳ್ಳೆಯದಾಯಿತು ಟೀಚರ್. ಮಕ್ಕಳು ಮೆಲ್ಲಗೆ ಮಾತನಾಡಲು ಕಲಿಯಲಿ. ಅದೇ ದೊಡ್ಡ ಸಂಸ್ಕಾರ ಅಲ್ವಾ?" ಎಂದರು. ನಾನು ತಲೆ ಆಡಿಸಿದೆ. ತಲೆ ಆಡಿಸುವುದಕ್ಕೆ ಗಂಟಲು ಬೇಕಾಗುವುದಿಲ್ಲ.

ಹೀಗೆ ಬೆಂಚಿನ ದನಿ ಶುರುವಾಯಿತು. ನಿನ್ನ ಮಾತು ನಿನ್ನ ಬೆಂಚಿನಲ್ಲಿ ಕೂತವರಿಗೆ ಕೇಳಬೇಕು, ಹಿಂದಿನ ಬೆಂಚಿಗೆ ಕೇಳಬಾರದು, ಇಷ್ಟೇ ನಿಯಮ. ನಾನು ಅಂಗೈ ಎತ್ತಿದರೆ ಎಲ್ಲರೂ ಬಾಯಿ ಮುಚ್ಚಬೇಕು. ಮೊದಮೊದಲು ಅಂಗೈ ಎತ್ತಿ ಎತ್ತಿ ಭುಜ ನೋಯತೊಡಗಿತು. ಭಿನ್ನರಾಶಿಗೆ ರೊಟ್ಟಿ ಹರಿದು ತೋರಿಸಿದರೆ "ಟೀಚರ್, ಅದು ಅರ್ಧಾ ಆಗಿಲ್ರೀ" ಎಂದು ತರಗತಿಗೆ ತರಗತಿಯೇ ಎದ್ದು ನಿಲ್ಲುತ್ತಿತ್ತು. ನೀರಿನ ಚಕ್ರದಲ್ಲಿ ಮೋಡ ಬಂದ ಕೂಡಲೇ ಎಲ್ಲರೂ ಗುಡುಗು ಹಾಕುತ್ತಿದ್ದರು. ಆದರೂ ದಿನಕ್ಕಿಷ್ಟು ದಿನಕ್ಕಿಷ್ಟು ಸದ್ದು ಇಳಿಯತೊಡಗಿತು. ಇಳಿಯದೆ ಉಳಿದದ್ದು ಒಬ್ಬ ಹುಡುಗಿಯದು.

ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬರುವ ಆಕೆಗೆ ಬೆಂಚಿನ ದನಿ ಎಂದರೆ ಏನೆಂದೇ ತಿಳಿಯುತ್ತಿರಲಿಲ್ಲ. ಪಕ್ಕದವಳಿಂದ ರಬ್ಬರ್ ಕೇಳಿದರೂ ಐದನೇ ಇಯತ್ತೆಯವರು ತಿರುಗಿ ನೋಡುತ್ತಿದ್ದರು. ಗದರಿಸಿದರೆ ಬೆಪ್ಪಾಗಿ ನಿಲ್ಲುತ್ತಿದ್ದಳು. "ನಾ ಸಣ್ಣಗ ಮಾತಾಡೀನಲ್ರೀ ಟೀಚರ್!" ಎನ್ನುತ್ತಿದ್ದಳು, ಅದನ್ನೂ ಒದರಿಯೇ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳಿಗೆ ಜ್ವರ ಬಂತು. ಮನೆಯವರು ಫೋನ್ ಎತ್ತಲಿಲ್ಲ. ಆಟೊ ಮಾಡಿಕೊಂಡು ರಬಕವಿಯ ಅವರ ಮನೆಗೆ ನಾನೇ ಕರೆದುಕೊಂಡು ಹೋದೆ. ಫೋನ್ ಯಾಕೆ ಎತ್ತಲಿಲ್ಲ ಎಂಬುದು ಹೊಸ್ತಿಲಲ್ಲೇ ಗೊತ್ತಾಯಿತು. ಎರಡು ಮಗ್ಗ ಓಡುತ್ತಿದ್ದವು. ತಾಯಿ ಮಗ್ಗದ ಮುಂದಿನಿಂದ ಏನೋ ಹೇಳಿದಳು, ನಾನು ಏನೋ ಹೇಳಿದೆ, ಇಬ್ಬರಿಗೂ ಏನೂ ಕೇಳಲಿಲ್ಲ. ಕೊನೆಗೆ ಹುಡುಗಿಯ ಹಣೆ ಮುಟ್ಟಿ ತೋರಿಸಿದೆ.

ಗೋಡೆಯ ಬದಿ ಅವಳ ಅಜ್ಜಿ ಕೂತು ಲಾಳಿಯ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಜೀವಮಾನವೆಲ್ಲ ಮಗ್ಗದ ಪಕ್ಕ ಕೂತು ಆಕೆಯ ಕಿವಿ ಮಂದವಾಗಿತ್ತು. ಮಗ್ಗ ನಿಂತರೂ ಆಕೆಗೆ ಮಾತು ಕೇಳುವುದು ಅಷ್ಟಕ್ಕಷ್ಟೆ ಎಂದು ತಾಯಿ ಹೊರಗೆ ಬಂದು ಹೇಳಿದಳು. ಆದರೆ ಹುಡುಗಿ ಜ್ವರದಲ್ಲೇ ಹೋಗಿ ಅಜ್ಜಿಯ ಮಡಿಲಿಗೆ ಬಿದ್ದು, ಆಕೆಯ ಮುಖದ ಹತ್ತಿರ ಬಾಯಿ ತಂದು, ಅಂದಿನ ಸುದ್ದಿಯನ್ನೆಲ್ಲ ಒದರತೊಡಗಿದಳು. ಆಟೊದ ಸುದ್ದಿ, ನನ್ನ ಸುದ್ದಿ, ಡಬ್ಬಿಯಲ್ಲಿ ಉಳಿದ ಚಪಾತಿಯ ಸುದ್ದಿ. ಅಜ್ಜಿ ಹೂಂ ಹೂಂ ಎನ್ನುತ್ತ ಒಂದು ಕೈಯಲ್ಲಿ ಬೆನ್ನು ಸವರುತ್ತಿದ್ದಳು. ತಾಯಿ ನಕ್ಕು, "ನಾವು ಯಾರ ಹೇಳಿದ್ರೂ ನಮ್ಮ ಅತ್ತಿಯವರಿಗೆ ತಿಳಿಯೂದಿಲ್ರಿ. ಇಕಿ ಹೇಳಿದ್ದಷ್ಟ ಮುಟ್ಟತೈತಿ" ಎಂದಳು. ನನಗೆ ಆಗ ತಲೆ ಸಿಡಿಯುತ್ತಿತ್ತು. ಯಾವಾಗ ಈ ಸದ್ದಿನಿಂದ ಹೊರಬೀಳುತ್ತೇನೋ ಎನಿಸಿತ್ತು, ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಜ್ವರ ಬಿಟ್ಟು ಶಾಲೆಗೆ ಬಂದ ಮೇಲೆ ಆಕೆಯನ್ನು ಮುಂದಿನ ಬೆಂಚಿಗೆ ಕೂರಿಸಿದೆ. ಆಕೆ ಜೋರಾಗಿ ಮಾತಾಡಿದಾಗಲೆಲ್ಲ ನಾನು ಉತ್ತರ ಕೊಡುತ್ತಿರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದರೆ ಮಾತ್ರ ನಗುಮುಖದಿಂದ ತಿರುಗುತ್ತಿದ್ದೆ. ಮಕ್ಕಳು ಎಷ್ಟು ಬೇಗ ಬಗ್ಗುತ್ತಾರೆಂದು ನೆನೆದರೆ ಈಗ ಸಂಕಟವಾಗುತ್ತದೆ. ಡಿಸೆಂಬರ್ ಬರುವಷ್ಟರಲ್ಲಿ ಆ ಹುಡುಗಿ ಇಡೀ ತರಗತಿಗೇ ಸಣ್ಣ ದನಿಯವಳಾದಳು. ಅರ್ಥವಾಗದ್ದನ್ನು ಕೇಳಲು ನನ್ನ ಮೇಜಿನ ತನಕ ನಡೆದು ಬಂದು, ನನ್ನ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದಳು.

ಮಕ್ಕಳು ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತಿದ್ದ ದಿನಗಳವು. ಬಾಲಯೇಸುವನ್ನು ಮಲಗಿಸುವ ಹುಲ್ಲಿನ ಬದಲು ನಮ್ಮವರು ಮಗ್ಗದ ಕೆಳಗೆ ಬಿದ್ದ ಬಣ್ಣಬಣ್ಣದ ನೂಲಿನ ಚೂರು ತಂದು ಹಾಸುತ್ತಾರೆ. ಸಿಸ್ಟರ್ ಅದನ್ನು ನೋಡಲು ಬಂದವರು ಆ ಹುಡುಗಿಯ ಮಾತು ಕೇಳಿ ಬೆರಗಾದರು. "ಇವಳೇನಾ ಅವಳು? ಎಷ್ಟು ಮೃದುವಾಗಿ ಮಾತನಾಡುತ್ತಾಳೆ! ಹಬ್ಬದ ದಿನ ಪ್ರಾರ್ಥನೆ ಇವಳೇ ಓದಲಿ" ಎಂದರು. ನನ್ನ ಗಂಟಲೂ ಸುಧಾರಿಸಿತ್ತು. ಡಾಕ್ಟರು ಮತ್ತೆ ದೀಪ ಬಿಟ್ಟು ನೋಡಿ, "ಛಲೋ ಆತ್ರಿ, ಗಂಟ ಸಣ್ಣ ಆಗ್ಯಾವ. ಹಿಂಗ ಸಂಭಾಳಿಸಿಕೊಂಡ ಹೋಗ್ರಿ. ಇನ್ನೊಮ್ಮಿ ಒದರಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದಿದ್ದರು. ಎಷ್ಟೋ ದಿನಗಳ ಮೇಲೆ ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆ.

ಹಬ್ಬಕ್ಕೆ ಮೊದಲು ಪಾಲಕರ ಸಭೆ ಇತ್ತು. ಹುಡುಗಿಯ ತಾಯಿ ಬರಲಿಲ್ಲ. ಮಗ್ಗ ಬಿಟ್ಟು ಬರುವಂತಿರಲಿಲ್ಲವೇನೋ. ಅಜ್ಜಿ ಬಂದಳು. ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು, ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಕೂತಳು. ನಾನು ಪ್ರಗತಿ ಪತ್ರ ತೆಗೆದು ಗಣಿತದ ಅಂಕ ತೋರಿಸಿದೆ. ಆಕೆ ಅದನ್ನು ನೋಡಲೇ ಇಲ್ಲ.

"ಅಕ್ಕೋರ, ಒಂದ ಮಾತ ಕೇಳತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದಳು. ಕಿವುಡರ ದನಿ ಜೋರು. ಕೋಣೆಯಲ್ಲಿದ್ದ ಪಾಲಕರೆಲ್ಲ ತಿರುಗಿದರು. "ಈ ಹುಡುಗಿ ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾಳ್ರಿ? ಸಾಲ್ಯಾಗ ಯಾರರ ಏನರ ಅಂದಾರೇನ? ಮೊದಲ ಬಂದಕೂಡ್ಲೆ ಎಲ್ಲಾ ಹೇಳತಿದ್ಲು. ಈಗ ಬಾಜೂಕ ಕುಂಡ್ರತಾಳ, ತುಟಿ ಅಷ್ಟ ಅಳ್ಳಾಡಸ್ತಾಳ. ನನಗ ಒಂದ ಮಾತೂ ಕೊಡವಲ್ಲಳು. ನಾ ಏನ ತಪ್ಪ ಮಾಡೇನಿ ಕೇಳಿ ಹೇಳ್ರಿ."

ಹುಡುಗಿ ಅಜ್ಜಿಯ ಸೆರಗು ಎಳೆದು, "ಸಿಟ್ಟಿಲ್ಲ ಆಯಿ" ಎಂದಳು. ಚೊಕ್ಕ ಬೆಂಚಿನ ದನಿ. ನನಗೆ ಕೇಳಿಸಿತು, ಹಿಂದಿನ ಬೆಂಚಿನಲ್ಲಿದ್ದವರಿಗೆ ಕೇಳಿಸಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಜ್ಜಿಗೂ ಕೇಳಿಸಲಿಲ್ಲ.

"ನೋಡ್ರಿ, ನೋಡ್ರಿ, ಹಿಂಗ ಮಾಡತಾಳ" ಎಂದು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಶಾಲೆಯಲ್ಲಿ ಮೆಲ್ಲಗೆ ಮಾತಾಡು ಎಂದು ಹೇಳಿದ್ದೆನೇ ಹೊರತು, ಮನೆಯಲ್ಲಿ ಹೇಗೆ ಮಾತಾಡಬೇಕೆಂದು ಹೇಳುವ ಅಗತ್ಯ ನನಗೆ ಹೊಳೆದೇ ಇರಲಿಲ್ಲ. ಒಂಬತ್ತು ವರ್ಷದ ಮಗು. ಟೀಚರ್ ಒಳ್ಳೆಯದು ಎಂದದ್ದು ಎಲ್ಲ ಕಡೆಗೂ ಒಳ್ಳೆಯದೇ ಎಂದುಕೊಂಡಿತ್ತು. "ಜೋರಾಗಿ ಹೇಳವ್ವಾ" ಎಂದೆ. ಹುಡುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಸಿಸ್ಟರ್ ಯಾರೊಡನೆಯೋ ಮಾತಾಡುತ್ತ ನಿಂತಿದ್ದರು. ಆಕೆ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿ, ತಪ್ಪು ಮಾಡಿದವರಿಗೆ ತಿಳಿಹೇಳುವಂತೆ, "ಟೀಚರ್, ಬೆಂಚಿನ ದನಿ" ಎಂದಳು.

ಅಜ್ಜಿ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಡಾಕ್ಟರರ ಮಾತು ನೆನಪಿತ್ತು. ಕ್ರಿಸ್ಮಸ್ ಮುಗಿದ ಮೇಲಿನ ಪಾಠಗಳು, ಮಾರ್ಚಿನ ತನಕದ ದಿನಗಳು, ಎಲ್ಲ ನೆನಪಿದ್ದವು. ಕುರ್ಚಿ ಬಿಟ್ಟು ಎದ್ದು ನಿಂತೆ.

"ಸಿಟ್ಟಿಲ್ಲರೀ ಆಯೀ!" ಎಂದು ಒದರಿದೆ. "ಸಣ್ಣಗ ಮಾತಾಡಾಕ ನಾನ ಕಲಿಸೇನ್ರೀ!"

"ಆಂ?" ಎಂದಳು ಅಜ್ಜಿ.

ಇನ್ನೊಮ್ಮೆ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಒದರಿದೆ. ಗಂಟಲೊಳಗೆ ಏನೋ ಸೀಳಿದಂತಾಯಿತು. ಸಿಸ್ಟರ್ ಮಾತು ನಿಲ್ಲಿಸಿ ಒಳಗೆ ಬಂದರು. ಆದರೆ ಈ ಸಲ ಅಜ್ಜಿಗೆ ಮುಟ್ಟಿತ್ತು. "ನೀವ ಕಲಿಸಿದ್ರೇನು?" ಎಂದು ನನ್ನನ್ನೂ ಮೊಮ್ಮಗಳನ್ನೂ ನೋಡಿದಳು. ಟೀಚರೇ ಒದರಿದ್ದನ್ನು ಕಂಡ ಹುಡುಗಿಗೆ ಧೈರ್ಯ ಬಂತು. ಅಜ್ಜಿಯ ಮುಖ ಎರಡೂ ಕೈಯಲ್ಲಿ ಹಿಡಿದು, "ಆಯೀ, ನಾ ಹಬ್ಬದಾಗ ಮೈಕಿನ್ಯಾಗ ಓದಾಕಿ ಅದೇನಿ! ಗೋದಲಿಗೆ ನಮ್ಮ ನೂಲ ಹಾಸೇವಿ! ನಿನಗ ಹೇಳಿದ್ನಿ, ನೀ ಹೂಂ ಅನಲಿಲ್ಲ!" ಎಂದು ಕೂಗತೊಡಗಿದಳು. ಹೇಳದೆ ಉಳಿದ ಅಷ್ಟು ದಿನಗಳ ಸುದ್ದಿ ಆ ಕೋಣೆಯಲ್ಲಿ ಒಮ್ಮೆಲೇ ಹೊರಬಿತ್ತು. ಅಜ್ಜಿ ಅಳುತ್ತಲೇ ನಗುತ್ತಿದ್ದಳು. ನನಗೆ ಅಳಬೇಕೋ ಕುಳಿತುಕೊಳ್ಳಬೇಕೋ ತಿಳಿಯಲಿಲ್ಲ, ಕುಳಿತುಕೊಂಡೆ.

ಸುದ್ದಿಯೆಲ್ಲ ಕೇಳಿ ಮುಗಿಸಿ ಅಜ್ಜಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದ್ದನ್ನು ಕೇಳುವವರ ಮುಖವಾಗಿತ್ತು.

"ಅಕ್ಕೋರ, ನಿಮ್ಮ ದನಿ ಎಷ್ಟ ಛಲೋ ಐತ್ರಿ. ನನ್ನಂಥಾಕಿಗೂ ಕೇಳಿಸ್ತು. ಮತ್ತ ಹುಡುಗ್ರಿಗೆ ಯಾಕ ಸಣ್ಣ ದನಿ ಕಲಸ್ತೀರಿ?"

ಉತ್ತರ ಕೊಡಲು ಬಾಯಿ ತೆರೆದೆ. ಬರೀ ಗಾಳಿ ಬಂತು.