ಮಸ್ಕಿ ಸಂತ್ಯಾಗಿನ ಬಳೆಗಾರ್ತಿ

ಮಸ್ಕಿ ಸಂತ್ಯಾಗ ಬಳಿ ಮಾರಾಕಿ ಒಬ್ಬಾಕಿ ಇದ್ಲು. ಬಾಯಿ ಬಾಳ ಜೋರು. ಹತ್ತು ರೂಪಾಯಿಗೆ ಡಜನ್ ಇದ್ದ ಹಸಿರು ಬಳಿ ನೋಡನೋಡತಾ ಅರವತ್ತಾದ್ವು. ಯಾರು ಗೊಣಗಿದ್ರೂ, "ರೇಟು ಏರ್ಯಾವ, ನಾ ಏರಿಸಿಲ್ಲ" ಅನ್ನಾಕಿ. ಆದ್ರೂ ಡಜನ್ ಮ್ಯಾಲೆ ಒಂದು ಬಳಿ ಕೊಸರು ಹಾಕೋದು ಬಿಡಲಿಲ್ಲ.

ನನ್ನ ಬಸುರಿ ಮೊಮ್ಮಗಳಿಗೆ ಏಳು ತಿಂಗಳಾದಾಗ ಬಳಿ ಇಡಸಾಕ ಕರ್ಕೊಂಡು ಹೋದೆ. ನನ್ನ ಕಡೆ ಒಂದೇ ಡಜನ್ನಿನ ರೊಕ್ಕ ಇತ್ತು. "ಕೈಗೆ ಆರಾರು ಹಾಕು" ಅಂದೆ.

"ಬಸುರಿ ಕೈಗೆ ಜಿಪುಣತನ ಮಾಡ್ತೀಯೇನ್ ಬೇ ಮುದುಕಿ?" ಅಂತ ಬೈದು, ಹುಡುಗಿ ಕೈ ಮೆತ್ತಗ ಹಿಸುಕಿ ಒಂದೊಂದು ಕೈಗೂ ಡಜನ್ ಏರಿಸಿದ್ಲು.

ಮುಂದಿನ ಸಂತಿಗೆ ಉಳಿದ ಡಜನ್ನಿನ ರೊಕ್ಕ ಒಯ್ದೆ. ಆಕಿ ಮುಖ ಎತ್ತಲಿಲ್ಲ. "ಹೋದ ಸಂತಿ ರೇಟು ಈಗ ಯಾರಿಗೆ ನೆನಪೈತಿ? ಅತ್ತಾಗ ಸರಿ ಬೇ, ಹಿಂದ ಗಿರಾಕಿ ನಿಂತಾರ."

ತಿರುಗಿ ನೋಡಿದೆ. ಒಬ್ಬರೂ ಇದ್ದಿಲ್ಲ.