ಸೈಮಿಯ ಎಡಗಣ್ಣು ಮತ್ತು ಸ್ವೀಡನ್ನಿನ ಕೋವಿ

ಸೈಮಿ ಲೆಪ್ಪಾನೆನ್‌ಳ ಬಲಗಣ್ಣು ಹೋದದ್ದು ಮರದ ಗಿರಣಿಯಲ್ಲಿ. ಮೇಪಲ್ ಹಲಗೆಯನ್ನು ಯಂತ್ರದ ಬಾಯಿಗೆ ಕೊಡುತ್ತಿದ್ದಾಗ ಸಿಡಿದ ಚಕ್ಕೆಯೊಂದು ಕನ್ನಡಕದ ಸಂದಿಯಿಂದ ಒಳನುಗ್ಗಿತು. ಆಸ್ಪತ್ರೆಯಿಂದ ಬಂದ ಮೇಲೆ ಗಿರಣಿಯ ಮೇಸ್ತ್ರಿ ಮನೆಗೇ ಬಂದು, ಇನ್ನು ಆರಾಮವಾಗಿರು ಎಂದು ಉಪಚಾರದ ಮಾತಾಡಿದ. ಅವಳು ಅವನಿಗೆ ಕಾಫಿಯನ್ನೂ ಏಲಕ್ಕಿ ಬ್ರೆಡ್ಡನ್ನೂ ಕೊಟ್ಟು ಕಳಿಸಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾದಳು. ಯಂತ್ರದ ಹತ್ತಿರ ಬಿಡಲಿಲ್ಲ, ಹಲಗೆ ವಿಂಗಡಿಸಲು ಹಾಕಿದರು. ಅಲ್ಲಿಯೂ ಯಾರಿಗೂ ಅವಳ ಕೆಲಸದಲ್ಲಿ ತಪ್ಪು ಹುಡುಕಲಾಗಲಿಲ್ಲ.

ಮಿಶಿಗನ್ನಿನ ಆ ಉತ್ತರದ ತುದಿಯಲ್ಲಿ ನವೆಂಬರ್ ಎಂದರೆ ಜಿಂಕೆ ಬೇಟೆ. ಸೈಮಿ ಮತ್ತು ಅವಳ ಗಂಡ ಟೌನೊ ಮದುವೆಯಾದ ಹೊಸತರಲ್ಲಿ ಕಾಡಿನೊಳಗೆ ಮರದ ದಿಮ್ಮಿಗಳಿಂದ ಒಂದು ಬೇಟೆಮನೆ ಕಟ್ಟಿದ್ದರು. ಟೌನೊನ ತಮ್ಮ ಉರ್ಹೊ ಛಾವಣಿ ಹಾಕಲು ಬಂದವನು ಅಲ್ಲಿಯೇ ಪಾಲುದಾರನಾದ. ಸೀಡರ್ ಮರಗಳ ಜೌಗಿನ ಮೇಲಿನ ದಿಬ್ಬ ಸೈಮಿಯ ಜಾಗ. ಪ್ರತಿ ವರ್ಷವೂ ಅವಳು ಅಲ್ಲಿಯೇ ಕೂರುತ್ತಿದ್ದಳು. ಟೌನೊ ಹೃದಯ ನಿಂತು ತೀರಿಕೊಂಡ ವರ್ಷವೇ ಅವಳ ಕಣ್ಣೂ ಹೋದದ್ದು.

ಸೆಪ್ಟೆಂಬರಿನಲ್ಲಿ ಉರ್ಹೊ ಬಂದು ಅಡುಗೆಮನೆಯ ಮೇಜಿಗೆ ಕೂತ. ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತಾ ಕೊನೆಗೂ ಬಾಯಿಬಿಟ್ಟ.

"ಅತ್ತಿಗೆ, ಈ ಸಲ ನೀನು ಒಲೆ ನೋಡ್ಕೊಂಡ್ಬಿಡು. ದಿಬ್ಬದ ಮೇಲೆ ನಮ್ ಹುಡುಗ ಡೇಲ್ ಕೂತ್ಕೋತಾನೆ."

"ಯಾಕೆ, ಡೇಲ್‌ಗೆ ಅಡುಗೆ ಬರಲ್ವಾ?"

"ತಮಾಷೆ ಬಿಡು. ಒಂದು ಕಣ್ಣಲ್ಲಿ ಏನ್ ಹೊಡೀತೀಯ?"

"ಎರಡು ಕಣ್ಣಿದ್ದಾಗ್ಲೂ ಒಂದು ಮುಚ್ಕೊಂಡೇ ಹೊಡೀತಿದ್ದೆ ಉರ್ಹೊ. ಈಗ ಮುಚ್ಚೋ ಕೆಲಸ ಉಳೀತು ಅಷ್ಟೆ."

ಮಾತೇನೋ ಗಟ್ಟಿಯಾಗಿ ಬಂತು. ಅವನು ಹೋದ ಮೇಲೆ ಅವಳು ಟೌನೊನ ಹಳೆಯ ಕೋವಿಯನ್ನು ಹಿತ್ತಲಿಗೆ ಒಯ್ದು ಎಡಭುಜಕ್ಕೆ ಒತ್ತಿಕೊಂಡು ನೋಡಿದಳು. ದೂರದ ಬೇಲಿಗೂಟ ಸ್ಪಷ್ಟವಾಗಿ ಕಂಡಿತು. ಆದರೆ ಹತ್ತಿರದಲ್ಲಿದ್ದ, ಕೋವಿಯ ಮೇಲೆ ಗುರಿ ನೋಡುವ ಕಬ್ಬಿಣದ ಕಚ್ಚು ಮಂಜಿನಲ್ಲಿ ಕರಗಿದಂತಿತ್ತು. ಕೋವಿಯ ಮೇಲೊಂದು ದುರ್ಬೀನು ಬೇಕೇ ಬೇಕು. ಆ ಕೋವಿಯೋ, ಖಾಲಿ ತೋಟಾವನ್ನು ನೇರ ಮೇಲಕ್ಕೆ ಉಗುಳುವ ಜಾತಿಯದು. ಅದರ ನೆತ್ತಿಯ ಮೇಲೆ ಏನನ್ನೂ ಕೂರಿಸುವಂತಿಲ್ಲ. ಅವಳು ಹಿತ್ತಲಿನ ಸೌನಾದ, ಹಬೆಸ್ನಾನದ ಮನೆಯ, ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು, ಟ್ರಕ್ಕು ಹತ್ತಿ ಕ್ಲೆಮ್ ಟ್ರೆಂಬತ್‌ನ ಅಂಗಡಿಗೆ ಹೋದಳು.

ಕ್ಲೆಮ್ ಕೋವಿ ರಿಪೇರಿ ಮಾಡುವವನು. ಆ ವರ್ಷ ಯಾವ್ಯಾವುದೋ ದೇಶಗಳು ತಮ್ಮ ಹಳೆಯ ಶಸ್ತ್ರಾಗಾರಗಳನ್ನು ಬರಿದು ಮಾಡುತ್ತಿದ್ದವು. ಸೈನಿಕರ ಕೋವಿಗಳು ಗ್ರೀಸು ಮೆತ್ತಿಕೊಂಡು, ಮರದ ಪೆಟ್ಟಿಗೆಗಳಲ್ಲಿ ಸೌದೆಯಂತೆ ಬಂದು ಬಿದ್ದಿದ್ದವು. ದುರ್ಬೀನಿನ ಹೊಸ ಕೋವಿ ಸೈಮಿಯ ಕೈಗೆ ಎಟುಕುವಂಥದ್ದಲ್ಲ. ಇವು ಎಟುಕುತ್ತಿದ್ದವು.

"ಎಲ್ಲಕ್ಕಿಂತ ಅಗ್ಗ ಇದು," ಎಂದು ಕ್ಲೆಮ್ ರಷ್ಯಾದ ಕೋವಿಯೊಂದನ್ನು ಎತ್ತಿಕೊಟ್ಟ. "ನಿಮ್ ಫಿನ್ಲೆಂಡಿನವರೂ ಇದನ್ನೇ ಹಿಡಿದು ಹೋರಾಡಿದ್ದು."

ಸೈಮಿಯ ದೊಡ್ಡಪ್ಪ ಅಂಥದ್ದೇ ಕೋವಿಯೊಂದಿಗೆ ಹಿಮದಲ್ಲಿ ಸತ್ತಿದ್ದ. ಅವಳು ಅದರ ಮರವನ್ನು ಸವರಿದಳು. ತೆಗೆದುಕೊಂಡುಬಿಡಲೇ ಎನ್ನಿಸಿತು. ಕ್ಲೆಮ್ ಬೇಡವೆಂದು ತಲೆಯಾಡಿಸಿದ.

"ಮನಸ್ಸು ಕರಗಿಸ್ಕೋಬೇಡ. ತೋಟಾ ತುಂಬೋಕೆ ಎಳೆಯೋ ಈ ಬೋಲ್ಟಿನ ಹಿಡಿ ನೋಡು, ನೆಟ್ಟಗೆ ನಿಲ್ಲುತ್ತೆ. ಮೇಲೆ ದುರ್ಬೀನಿಟ್ರೆ ಹೋಗಿ ಅದಕ್ಕೇ ಬಡಿಯುತ್ತೆ. ಹಿಡಿ ಬಗ್ಗಿಸ್ಬೇಕು, ತೂತು ಕೊರೀಬೇಕು. ಕೋವಿಗಿಂತ ನನ್ನ ಕೂಲೀನೇ ಜಾಸ್ತಿ ಆಗುತ್ತೆ. ಮೇಲಾಗಿ ಕತ್ತೆ ಥರ ಒದೆಯುತ್ತೆ."

ಮುಂದೆ ಇಂಗ್ಲೆಂಡಿನದು. ಬೋಲ್ಟು ಬೆಣ್ಣೆಯ ಹಾಗೆ ಜಾರುತ್ತಿತ್ತು. ಆದರೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಹೊಗೆ ಹಿಡಿದ ಚಿಮಣಿಯಂತೆ ಕಪ್ಪು, ಗುಂಡನ್ನು ತಿರುಗಿಸಿ ನೇರ ಕಳಿಸುವ ಒಳಗಿನ ಗೀರುಗಳೆಲ್ಲ ಸವೆದುಹೋಗಿದ್ದವು. ಅದನ್ನು ಅವಳೇ ಪಕ್ಕಕ್ಕಿಟ್ಟಳು. ಮೂರನೆಯದು ಉದ್ದನೆಯ, ಸಪೂರ ಕೋವಿ. ಅದರ ನಳಿಗೆಯಲ್ಲಿ ಬೆಳಕು ಸುರುಳಿ ಸುತ್ತಿಕೊಂಡು ಓಡಿತು.

"ಇದು ಎಲ್ಲೀದು?"

"ಸ್ವೀಡನ್ನಿಂದು. ಒದೆತ ಕಮ್ಮಿ, ಗುರಿ ಖಚಿತ."

"ಸ್ವೀಡನ್ನಿಂದಾ?" ಸೈಮಿ ಹುಬ್ಬೇರಿಸಿದಳು. "ಸ್ವೀಡನ್ನಿನವರು ಅಂದ್ರೆ ಉರಿದು ಬೀಳ್ತಿದ್ದ ನಮ್ಮಪ್ಪ ಗೋರಿಯೊಳಗೇ ಮಗ್ಗುಲು ಬದಲಾಯಿಸ್ತಾನೆ."

"ಬದಲಾಯಿಸ್ಲಿ ಬಿಡು, ಒಂದೇ ಮಗ್ಗುಲಲ್ಲಿ ಮಲಗಿ ಬಹಳ ದಿನ ಆಯ್ತು."

ದುರ್ಬೀನನ್ನು ಎಲ್ಲರಂತೆ ಬೋಲ್ಟಿನ ಮೇಲೆಯೇ, ಕಣ್ಣಿನ ಹತ್ತಿರ ಕೂರಿಸೋಣ ಎಂದ ಕ್ಲೆಮ್. ಸೈಮಿ ಅವನ ಹುಬ್ಬಿನ ಮೇಲಿದ್ದ ಅರ್ಧಚಂದ್ರದ ಗಾಯದ ಗುರುತನ್ನು ತೋರಿಸಿ ಅದೇನೆಂದು ಕೇಳಿದಳು. ಕೋವಿ ಹಿಂದಕ್ಕೆ ಒದ್ದಾಗ ದುರ್ಬೀನು ಬಡಿದದ್ದು, ಬೇಟೆಗಾರರಿಗೆ ಇದೆಲ್ಲ ಇದ್ದದ್ದೇ ಎಂದು ಅವನು ನಕ್ಕ.

"ನಿಂಗೆ ಇನ್ನೊಂದು ಕಣ್ಣಿದೆ ಕ್ಲೆಮ್. ನಂಗೆ ಇರೋದೇ ಇದು. ಇನ್ನೂ ಮುಂದಕ್ಕೆ ಕೂರಿಸೋಕೆ ಆಗಲ್ವಾ?"

ಅವನು ಗಡ್ಡ ಕೆರೆದುಕೊಂಡ. ನಳಿಗೆಯ ಮೇಲೆ ಹಳೆಯ ಗುರಿಗಚ್ಚು ಇದ್ದ ಜಾಗಕ್ಕೇ ಸಿಕ್ಕಿಸುವ ಒಂದು ಪಟ್ಟಿ ಸಿಗುತ್ತದೆ, ಕೊರೆಯುವುದೂ ಬೇಡ. ಆದರೆ ಕಣ್ಣಿನಿಂದ ಗೇಣುದ್ದ ದೂರದಿಂದಲೇ ಕಾಣುವ ಬೇರೆ ಬಗೆಯ ದುರ್ಬೀನು ಬೇಕು. ಅದು ಹೆಚ್ಚು ದೊಡ್ಡದಾಗಿ ತೋರಿಸುವುದಿಲ್ಲ ಎಂದ.

"ನೋಡೋಕೂ ವಿಚಿತ್ರವಾಗಿರುತ್ತೆ. ಜನ ನಗ್ತಾರೆ."

"ಚಂದ ನೋಡೋಕೆ ಗೋಡೆ ಮೇಲೆ ಕ್ಯಾಲೆಂಡರ್ ಇದೆ. ನೀನು ಕೂರಿಸು."

ಅಕ್ಟೋಬರ್ ಪೂರ್ತಿ, ಗಿರಣಿ ಬಿಟ್ಟ ಮೇಲೆ, ಅವಳು ಜಲ್ಲಿ ತೆಗೆದ ಹಳ್ಳದಲ್ಲಿ ಅಭ್ಯಾಸ ಮಾಡಿದಳು. ಮೊದಮೊದಲು ಎಡಗೈ ಬಲಬದಿಯಲ್ಲಿದ್ದ ಬೋಲ್ಟಿನತ್ತ ಓಡುತ್ತಿತ್ತು, ಗುರಿ ಕದಲುತ್ತಿತ್ತು. ಕೋವಿಯ ಮೂತಿಯನ್ನು ಮರಳಚೀಲದ ಮೇಲಿಟ್ಟು, ಎಡಗೈ ಟ್ರಿಗರಿನ ಹತ್ತಿರವೇ ಇರಲಿ, ಬಲಗೈ ಬಂದು ಬೋಲ್ಟು ಎಳೆಯಲಿ ಎಂದು ತನಗೆ ತಾನೇ ಕಲಿಸಿಕೊಂಡಳು. ಒಂದು ಸಂಜೆ ಉರ್ಹೊ ಟ್ರಕ್ಕು ನಿಲ್ಲಿಸಿ ಇಳಿದುಬಂದ.

"ಇದೇನತ್ತಿಗೆ, ದುರ್ಬೀನು ಜಾರಿ ಮುಂದಕ್ಕೆ ಹೋಗ್ಬಿಟ್ಟಿದೆ?"

"ನಿನ್ನ ಮಾತು ಕೇಳಿಸದಷ್ಟು ದೂರ ಹೋಗ್ತೀನಿ ಅಂತಿತ್ತು. ಇಷ್ಟಕ್ಕೇ ಹಿಡಿದು ನಿಲ್ಲಿಸಿದೀನಿ."

ಬೇಟೆಯ ಮೊದಲ ದಿನ ಬಂತು. ಹಿಂದಿನ ಸಂಜೆಯೇ ಸೈಮಿ ಬೇಟೆಮನೆಗೆ ಬಂದು ತನ್ನ ಮಂಚದ ಮೇಲೆ ಕಂಬಳಿ ಹಾಸಿದಳು. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಉರ್ಹೊ ಮತ್ತು ಡೇಲ್ ಡಬ್ಬಿಯ ಬೀನ್ಸ್ ಕಾಳನ್ನು ತಣ್ಣಗೇ ತಿಂದರು. ಬೆಳಿಗ್ಗೆ ಅವಳು ದಿಬ್ಬಕ್ಕೆ ಹೋದಾಗ ಡೇಲ್ ಆಗಲೇ ಅಲ್ಲಿ ಕೂತಿದ್ದ. ಅಪ್ಪನ ಮಾತು ಮೀರದ ದೊಡ್ಡ ಆಳು.

"ದೊಡ್ಡಮ್ಮ, ಅಪ್ಪ ಇಲ್ಲೇ ಕೂರು ಅಂದಿದಾನೆ."

"ಕೂರು, ಯಾರು ಬೇಡ ಅಂದ್ರು? ಸ್ವಲ್ಪ ಆ ಕಡೆ ಸರಿ."

ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಬಿಸಿಲೇರುವ ಹೊತ್ತಿಗೆ ಜೌಗಿನಿಂದ ಒಂದು ಗಂಡು ಜಿಂಕೆ ಹೊರಬಂತು. ಸೈಮಿ ಹೊಡೆದಳು. ಗುಂಡು ಎಲ್ಲೋ ದೂರದಲ್ಲಿ ಮಣ್ಣು ಚಿಮ್ಮಿಸಿತು. ಜಿಂಕೆ ಬಾಲವೆತ್ತಿ ಮಾಯವಾಯಿತು.

ಸಂಜೆ ಉರ್ಹೊ ಜಾಸ್ತಿಯೇನೂ ಅನ್ನಲಿಲ್ಲ. "ಆಯ್ತಲ್ಲ, ನಾಳೆ ಬಿಸಿಬಿಸಿ ಏನಾದ್ರೂ ಮಾಡು," ಎಂದಷ್ಟೇ ಹೇಳಿದ. ಆ ಮೆತ್ತನೆಯ ದನಿಯೇ ಅವಳಿಗೆ ಹೆಚ್ಚು ಚುಚ್ಚಿತು. ನನ್ನ ಕಣ್ಣೇ ಇಷ್ಟೇನೋ ಎಂದುಕೊಳ್ಳುತ್ತಾ ಕೋವಿ ಒರೆಸಲು ಕೂತಳು. ಬಟ್ಟೆ ಹಿಡಿದ ಕೈಗೆ ದುರ್ಬೀನು ಕೂದಲೆಳೆಯಷ್ಟು ಅಲ್ಲಾಡಿತು. ಪಟ್ಟಿಯ ತಿರುಪು ಸಡಿಲವಾಗಿತ್ತು. ಅವಳು ಅದನ್ನು ಬಿಗಿಮಾಡಿದಳು.

ಮರುದಿನ ಬೆಳಿಗ್ಗೆ ಬೇಟೆಮನೆಯ ಹಿಂದಿನ ಮರದ ಬುಡಕ್ಕೆ ಕಾಗದ ಸಿಕ್ಕಿಸಿ, ಗುರಿ ಕೂಡುವ ತನಕ ಗುಂಡು ಹಾರಿಸಿದಳು. ಉರ್ಹೊ ಕಾಡಿನಿಂದ ಏದುಸಿರು ಬಿಡುತ್ತಾ ಬಂದ.

"ನಿಂಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಇರೋಬರೋ ಜಿಂಕೆಯೆಲ್ಲ ಕೆನಡಾಗೆ ಓಡಿದ್ವು."

"ಓಡ್ಲಿ. ಸಡಿಲ ದುರ್ಬೀನಿಟ್ಕೊಂಡು ಜೀವಕ್ಕೆ ಗುರಿ ಇಡಲ್ಲ ನಾನು. ಇನ್ನೊಂದು ಮಾತು ಕೇಳ್ಕೊ. ಈ ಮನೆಯ ಕೆಳಗಿನ ಸಾಲಿನ ದಿಮ್ಮಿಗಳನ್ನೆಲ್ಲ ನಾನೂ ಟೌನೊನೂ ಹೊತ್ತಿದ್ದು. ಆಗ ನೀನು ಯಾರನ್ನೂ ಒಲೆ ಹತ್ರ ಕಳಿಸಿರಲಿಲ್ಲ. ದಿಬ್ಬ ನನ್ನದು. ನಾನೇ ಬೇಡ ಅನ್ನೋ ತನಕ ನನ್ನದೇ."

ಹಿಂದೆಯೇ ಬಂದು ನಿಂತಿದ್ದ ಡೇಲ್ ಕಾಗದದಲ್ಲಿ ಒತ್ತೊತ್ತಾಗಿ ಬಿದ್ದ ತೂತುಗಳನ್ನು ನೋಡಿದ. "ನಾನು ಆಚೆ ಗುಡ್ಡಕ್ಕೆ ಹೋಗ್ತೀನಪ್ಪ. ದೊಡ್ಡಮ್ಮನ ಪಕ್ಕ ಕೂತ್ರೆ ಕಾಲು ಚಾಚೋಕೂ ಜಾಗ ಇಲ್ಲ," ಎಂದ.

ಎರಡು ದಿನ ಏನೂ ಕಾಣಲಿಲ್ಲ. ಮಾರನೆಯ ದಿನ ಹಿಮ ಬೀಳುತ್ತಿದ್ದಾಗ ಒಂದು ಎಳೆಯ ಗಂಡು ಜಿಂಕೆ ಸೀಡರ್‌ಗಳ ನಡುವಿನಿಂದ ಬಂದು ಅಡ್ಡನಿಂತಿತು. ಸೈಮಿ ಉಸಿರನ್ನು ಅರ್ಧ ಬಿಟ್ಟು ಹಿಡಿದಳು. ದುರ್ಬೀನಿನ ದುಂಡನೆಯ ಬೆಳಕಿನೊಳಗೆ ಅದರ ಭುಜದ ಮೇಲಿನ ಹಿಮದ ಹರಳುಗಳೂ ಕಂಡವು. ಹೊಡೆದಳು. ಬಲಗೈ ತಾನಾಗಿಯೇ ಬೋಲ್ಟು ಎಳೆದಿತ್ತು, ಆದರೆ ಎರಡನೆಯ ಗುಂಡು ಬೇಕಾಗಲಿಲ್ಲ. ಜಿಂಕೆಯ ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಿದ್ದಳು.

ಎಳೆಯಲು ಕೈಕೊಡಲು ಬಂದ ಉರ್ಹೊ ಕೊಂಬು ನೋಡಿ, "ಚಿಕ್ಕದು," ಎಂದ.

"ನನ್ನ ಪಾತ್ರೆಗೆ ಸಾಕು."

ಆ ಸಂಜೆ ಅವಳು ಒಲೆ ಹಚ್ಚಿ, ಈರುಳ್ಳಿ ಹಾಕಿ ಜಿಂಕೆಯ ಈಲಿ ಹುರಿದಳು. ವಾಸನೆಗೆ ಇಬ್ಬರೂ ಮೇಜಿನ ಹತ್ತಿರ ಬಂದು ನಿಂತರು. ಅವಳು ತಟ್ಟೆಗಳನ್ನು ಇಟ್ಟಳು.

"ನಾನು ಹೊಡೆದದ್ದು, ಅದಕ್ಕೇ ನಾನು ಬೇಯಿಸ್ದೆ. ಮುಂದೆ ಯಾರು ಹೊಡೀತಾರೋ ಅವರೇ ಬೇಯಿಸ್ಬೇಕು. ಹೊಡೀದೇ ಇದ್ದೋರು ಪಾತ್ರೆ ತೊಳೀಬೇಕು."

ಇಬ್ಬರೂ ಬಾಯಿ ತುಂಬಿಕೊಂಡೇ ಆಗಲೆಂದು ತಲೆಯಾಡಿಸಿದರು. ಊಟವಾದ ಮೇಲೆ ಉರ್ಹೊ ತೋಳು ಮಡಚಿ ಬಾನಿಯಲ್ಲಿ ಬಿಸಿನೀರು ಸುರಿದುಕೊಂಡ. ತಟ್ಟೆ ಉಜ್ಜುತ್ತಾ ಬೆನ್ನು ಹಾಕಿಕೊಂಡೇ ಕೇಳಿದ, "ಆ ಕ್ಲೆಮ್ ಹತ್ರ ಸ್ವೀಡನ್ನಿಂದು ಇನ್ನೂ ಉಳಿದಿದೆಯಾ?"

"ಇದೆ," ಎಂದಳು ಸೈಮಿ. "ಆದ್ರೆ ಅವನು ದುರ್ಬೀನನ್ನ ಅಷ್ಟು ಮುಂದಕ್ಕೆ ಕೂರಿಸೋವಾಗ ನಗಬೇಡ."